ಮಗಳಿಗೆ ಸೈನಿಕ ಶಾಲಿ: ಕನ್ನಡ ಮಾಧ್ಯಮದವರು ಬರೀಬಹುದೇನು?

ನಮಸ್ಕಾರ ಅಕ್ಕಾರೆ. ಐದನೇತ್ತಾ ಕನ್ನಡ ಮಾಧ್ಯಮದಾಗ ಕಲಿಯೋ ಮಗಳನ್ನ ವಿಜಯಪುರದ ಸೈನಿಕ ಶಾಲಿಗೆ ಹಾಕಬಹುದೇನು, ಅಲ್ಲಿ ಬರೀ ಕವಾಯತೇನು ಅಂತ ಕೇಳೀರಿ. ಖಂಡಿತ ಹಾಕಬಹುದ್ರಿ. 1963ರಾಗ ಹುಡುಗರಿಗಂತ ಶುರುವಾದ ಶಾಲಿ. 2021ರಿಂದ ಆರನೇತ್ತಾಕ್ಕ ಹುಡುಗ್ಯಾರ್ನೂ ತಗೋತಾರ.

ಆರನೇತ್ತಾದ ಪ್ರವೇಶ ಪರೀಕ್ಷಾ ಕನ್ನಡದಾಗೇ ಬರೀಬಹುದು. ಒಂಬತ್ತನೇತ್ತಾಕ್ಕಾದ್ರ ಇಂಗ್ಲಿಷ್ ಒಂದೇ, ಅದಕ್ಕ ಈ ಸಲ ಬಿಡಬ್ಯಾಡ್ರಿ. ಸೇರೋ ವರ್ಷದ ಮಾರ್ಚ್ 31ಕ್ಕ ವಯಸ್ಸು 10ರಿಂದ 12ರೊಳಗ ಇರಬೇಕು. 300 ಅಂಕದಾಗ 150 ಗಣಿತದ್ದೇ! ನನ್ನ ತಮ್ಮನ ಮಗಳಿಗೆ ಲೆಕ್ಕ ಎಲ್ಲಾ ಬರತಿದ್ವು, ಹೊತ್ತು ಸಾಲತಿರಲಿಲ್ಲ. ದಿನಾ ಸಂಜಿಗೆ ಅಡಗಿಮನ್ಯಾಗ ಗಡಿಯಾರ ಮುಂದಿಟ್ಟು ಭಿನ್ನರಾಶಿ, ಶೇಕಡಾ ಮಾಡಿಸಿದ್ವಿ. ನೀವೂ ಹಂಗ ಮಾಡ್ರಿ.

ಬರೀ ಕವಾಯತಲ್ಲ. ಓದು ಸಿಬಿಎಸ್ಇ, ಗುರಿ ಎನ್‌ಡಿಎ, ಅಂದ್ರ ಸೈನ್ಯದ ಅಧಿಕಾರಿ ಆಗೋರಿಗೆ ತರಬೇತಿ ಕೊಡೋ ಅಕಾಡೆಮಿ, ಖರೆ. ಆದ್ರ ಚಾಲುಕ್ಯ, ಹೊಯ್ಸಳ, ಆದಿಲ್‌ಶಾಹಿ ಅಂತ ರಾಜಮನೆತನದ ಹೆಸರಿನ ಹೌಸ್‌ಗಳು, ಅಂದ್ರ ಮಕ್ಕಳ ತಂಡಗಳು, ಅದಾವ, ಆಟ, ಭಾಷಣ, ಹಾಡು ಎಲ್ಲದ್ರಾಗೂ ಅವುಗಳ ನಡುವ ಪೈಪೋಟಿ. ಕರ್ನಾಟಕದ ಮಕ್ಕಳಿಗೆ 67% ಸೀಟು.

ಒಂದು ಮಾತು: ಅಲ್ಲೇ ಉಳಿದು ಕಲಿಯೋ ಶಾಲಿ ಅದು. ಅರ್ಜಿ ಹಾಕೂದಕ್ಕಿಂತ ಮೊದಲ ಮಗಳನ್ನ ಕೇಳ್ರಿ, ಅವ್ವನ್ನ ಬಿಟ್ಟು ಇರ್ತಾಳೇನು ಅಂತ.