ಮೈಕ್ರೋಸ್ಕೋಪಿನಲ್ಲಿ ಬರೀ ಕತ್ತಲೆ, ಏನು ಮಾಡಲಿ?

ಪ್ರಶ್ನೆ: ಸರ್, ಆರನೇ ಕ್ಲಾಸಿನ ಮಗಳು ಹಟ ಹಿಡಿದಳು ಅಂತ ಕನ್ನಡಿ ಇರುವ ಸಣ್ಣ ಮೈಕ್ರೋಸ್ಕೋಪ್ ಕೊಡಿಸಿದೆ. ಡಬ್ಬದ ಮೇಲೆ 1200 ಪಟ್ಟು ಅಂತ ಬರೆದಿದೆ. ಎಷ್ಟು ತಿರುವಿದರೂ ಒಮ್ಮೆ ಕತ್ತಲೆ, ಇನ್ನೊಮ್ಮೆ ದಪ್ಪ ಕರಿ ಅಂಚಿನ ಉಂಗುರಗಳು. ಅವು ಕ್ರಿಮಿಗಳಾ? ವಾಪಸ್ ಕೊಡಲಾ?
– ಒಬ್ಬ ತಾಯಿ, ನವನಗರ, ಬಾಗಲಕೋಟೆ

ಉತ್ತರ: ವಾಪಸ್ ಕೊಡಬೇಡಿ ಅಕ್ಕಾ. ನೀವು ಬರೆದದ್ದು ನೋಡಿದರೆ ಬೆಳಕು ಸರಿಯಾಗಿ ಒಳಗೆ ಹೋಗ್ತಿಲ್ಲ ಅನಿಸುತ್ತದೆ, ಅಷ್ಟೇ. ಲೆನ್ಸುಗಳ ಚಕ್ರ ತಿರುವಿ ಎಲ್ಲಕ್ಕಿಂತ ಗಿಡ್ಡ ಲೆನ್ಸನ್ನು ಕೆಳಗೆ ತನ್ನಿ. ಅದು ಟಕ್ ಅಂತ ಕೂರಬೇಕು, ಅರ್ಧಕ್ಕೆ ನಿಂತರೆ ಕತ್ತಲೆಯೇ. ಆಮೇಲೆ ಸ್ಲೈಡ್ ಇಡದೆ, ಮೇಲೆ ಕಣ್ಣಿಟ್ಟು, ಕನ್ನಡಿಯನ್ನು ಕಿಟಕಿಯ ಕಡೆಗೆ ಮೆಲ್ಲಗೆ ಹೊರಳಿಸುತ್ತಾ ಹೋಗಿ. ಬೆಳ್ಳಗೆ ತುಂಬಿದ ಒಂದು ವೃತ್ತ ಕಾಣುವವರೆಗೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಬಿಸಿಲಿಗೆ ಮಾತ್ರ ಕನ್ನಡಿ ಹಿಡಿಯಬೇಡಿ. ನಮ್ಮ ಕಡೆಯ ಬಿಸಿಲು ಗೊತ್ತಲ್ವಾ, ಅದು ಲೆನ್ಸಿನಿಂದ ನೇರ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಈ ಮಾತನ್ನು ಮಗಳಿಗೆ ಎರಡು ಸಲ ಹೇಳಿ.

ಆ 1200 ಸದ್ಯಕ್ಕೆ ಮರೆತುಬಿಡಿ. ಕಣ್ಣಿಡುವ ಲೆನ್ಸ್ 10, ಕೆಳಗಿನದು 4 ಇದ್ದರೆ ಗುಣಿಸಿ 40 ಪಟ್ಟು, ಶುರುವಿಗೆ ಅಷ್ಟು ಧಾರಾಳ ಆಯ್ತು. ಪಟ್ಟು ಜಾಸ್ತಿ ಮಾಡಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ, ಬೆಳಕೂ ಕಮ್ಮಿಯಾಗುತ್ತದೆ. ಕಾಲೇಜು ಲ್ಯಾಬಿನಲ್ಲೂ 1000 ಪಟ್ಟು ನೋಡಬೇಕಾದರೆ ಲೆನ್ಸಿಗೂ ಸ್ಲೈಡಿಗೂ ನಡುವೆ ಒಂದು ಹನಿ ಎಣ್ಣೆ ಹಾಕುತ್ತಾರೆ.

ಕರಿ ಅಂಚಿನ ಉಂಗುರ ಕ್ರಿಮಿ ಅಲ್ಲ, ಗಾಳಿಗುಳ್ಳೆ. ಅದು ಬಾರದ ಹಾಗೆ ಮಾಡೋಣ. ನಿಮ್ಮ ಜಿಲ್ಲೆಯಲ್ಲಿ ಉಳ್ಳಾಗಡ್ಡಿಗೆ ಬರವೇ? ಒಂದು ಎಸಳು ಮುರಿದು, ಒಳಮೈಗೆ ಅಂಟಿರುವ ತೆಳ್ಳನೆಯ ಪೊರೆಯನ್ನು ಉಗುರಿನಿಂದ ಎಳೆಯಿರಿ, ಒದ್ದೆ ಹಾಳೆಯ ಹಾಗೆ ಬರುತ್ತದೆ. ಅದರಿಂದ ಉಗುರಿನಷ್ಟು ತುಂಡನ್ನು ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ ಮಡಿಕೆ ಬೀಳದಂತೆ ಹರಡಿ, ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ ಒಂದು ಹನಿ ಹಾಕಿ. ಮೇಲಿನ ಸಣ್ಣ ಗಾಜನ್ನು ಒಮ್ಮೆಲೇ ಬೀಳಿಸಬೇಡಿ, ಒಂದು ಅಂಚು ನೀರಿಗೆ ತಾಗಿಸಿ ಓರೆಯಾಗಿ ಹಿಡಿದು ನಿಧಾನ ಇಳಿಸಿದರೆ ಗಾಳಿ ತಾನಾಗೇ ಹೊರಗೆ ಹೋಗುತ್ತದೆ.

ಈಗ ಫೋಕಸ್. ಪಕ್ಕದಿಂದ ನೋಡುತ್ತಾ ಲೆನ್ಸನ್ನು ಸ್ಲೈಡಿನ ಹತ್ತಿರಕ್ಕೆ ತನ್ನಿ, ತಾಗಬಾರದು. ಆಮೇಲೆ ಕಣ್ಣಿಟ್ಟು, ಎರಡನ್ನೂ ದೂರ ಮಾಡುತ್ತಾ ತಿರುವಿ. ವಿಜಯಪುರದಲ್ಲಿ ಕಾಲೇಜು ಓದುವಾಗ ನಾನು ಇದನ್ನು ಉಲ್ಟಾ ಮಾಡಿ, ಕಣ್ಣಿಟ್ಟುಕೊಂಡೇ ಇಳಿಸುತ್ತಾ ಹೋಗಿ ಸ್ಲೈಡ್ ಒಡೆದಿದ್ದೆ, ಅದಕ್ಕೇ ಒತ್ತಿ ಹೇಳ್ತಿದ್ದೇನೆ. ಸರಿ ಬಂದರೆ ಇಟ್ಟಿಗೆ ಗೋಡೆಯ ಹಾಗೆ ಸಾಲು ಸಾಲು ಜೀವಕೋಶಗಳು, ಲೆನ್ಸ್ ಬದಲಿಸಿ 100 ಪಟ್ಟು ಮಾಡಿದರೆ ಒಂದೊಂದರಲ್ಲೂ ಕಂದು ಚುಕ್ಕೆ. ಆ ಚುಕ್ಕೆಯೇ ಕೋಶಕೇಂದ್ರ. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಬೆಂಡಿನ (ಕಾರ್ಕ್) ಚೂರಿನಲ್ಲಿ ಕಂಡದ್ದು ಸತ್ತ ಕೋಶಗಳ ಖಾಲಿ ಗೂಡುಗಳು ಮಾತ್ರ, ನಿಮ್ಮ ಮಗಳಿಗೆ ಒಳಗಿನದೂ ಕಾಣುತ್ತದೆ!

ಮನೆಯಲ್ಲಿ ಹಳೇ ಇಳಕಲ್ ಸೀರೆ ಇದ್ದರೆ ಒಡಲಿನ ಹತ್ತಿಯ ಎಳೆ ಒಂದು, ಸೆರಗಿನ ರೇಷ್ಮೆ ಎಳೆ ಒಂದು ಬಿಡಿಸಿ ಅಕ್ಕಪಕ್ಕ ಇಟ್ಟು ನೋಡಿ. ಹತ್ತಿ ತಿರುಚಿದ ರಿಬ್ಬನ್ನಿನ ಹಾಗೆ, ರೇಷ್ಮೆ ಗಾಜಿನ ಕಡ್ಡಿಯ ಹಾಗೆ ನುಣ್ಣಗೆ.