ಅತ್ತೆಗೆ ಸ್ತನ ಕ್ಯಾನ್ಸರ್, ಅಪ್ಪನ ಕಡೆಯದು ನಮಗೂ ಬರುತ್ತಾ?

ನೀವು ಕೇಳಿದ್ದು, ಅಪ್ಪನ ತಂಗಿಗೆ 38ಕ್ಕೇ ಸ್ತನ ಕ್ಯಾನ್ಸರ್ ಬಂದಿದೆ, ಅಪ್ಪ ಆರಾಮಾಗಿದ್ದಾರೆ, ಹಾಗಿದ್ರೆ ನನಗೆ ಭಯ ಇಲ್ಲ ಅಲ್ವಾ ಅಂತ. ಹಾಗೇನಿಲ್ಲ. ಬಿಆರ್‌ಸಿಎ1, ಬಿಆರ್‌ಸಿಎ2 ಅಂತ ಎರಡು ಜೀನ್ ಇವೆ, ಅವುಗಳಲ್ಲಿ ದೋಷ ಇದ್ದರೆ ಸ್ತನ, ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಬಿಆರ್‌ಸಿಎ1 ಜೀನ್ ಇರುವುದು 17ನೇ ಕ್ರೋಮೋಸೋಮಿನಲ್ಲಿ, ಬಿಆರ್‌ಸಿಎ2 ಇರುವುದು 13ರಲ್ಲಿ. ಎರಡೂ ಗಂಡಸರಲ್ಲೂ ಇರುತ್ತವೆ, ಅಪ್ಪನಿಂದಲೂ ಮಕ್ಕಳಿಗೆ ಬರಬಹುದು. ಅಪ್ಪನಿಗೆ ದೋಷ ಇದ್ದರೆ ನಿಮಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ನಿಮ್ಮ ಸ್ನೇಹಿತರು ಮಾಡಿಸಿ ಅಂದ ಕ್ರೋಮೋಸೋಮ್ ಟೆಸ್ಟ್, ಅಂದರೆ ಕ್ಯಾರಿಯೋಟೈಪ್, ಇದಕ್ಕೆ ಆಗುವುದಿಲ್ಲ. ಅದರಲ್ಲಿ 46 ಕ್ರೋಮೋಸೋಮನ್ನು ಜೋಡಿಸಿ ನೋಡುತ್ತಾರೆ. ಡೌನ್ ಸಿಂಡ್ರೋಮ್ ಇದ್ದರೆ ಸಾಮಾನ್ಯವಾಗಿ 47 ಕಾಣುತ್ತದೆ. ಜೀನಿನೊಳಗಿನ ಒಂದೆರಡು ಡಿಎನ್‌ಎ ಅಕ್ಷರದ ತಪ್ಪು ಅಲ್ಲಿ ಕಾಣಲ್ಲ. ಸುಮ್ನೆ ದುಡ್ಡು ಹಾಳು.

ಮೊದಲು ಅತ್ತೆಗೇ ಈ ಎರಡು ಜೀನ್‌ಗಳ ಟೆಸ್ಟ್ ಮಾಡಿಸಿ, ಅವರಲ್ಲಿ ಇಂಥದ್ದೇ ದೋಷ ಅಂತ ಗೊತ್ತಾದರೆ ಅಪ್ಪನಿಗೆ ಅದೊಂದನ್ನೇ ನೋಡಿದರೆ ಸಾಕು, ಅಪ್ಪನಿಗೆ ಇಲ್ಲದಿದ್ದರೆ ಆ ದೋಷ ಅವರ ಕಡೆಯಿಂದ ನಿಮಗೂ ಬಂದಿರುವುದಿಲ್ಲ. 'ವಿಯುಎಸ್' ಅಂತ ರಿಪೋರ್ಟ್ ಬಂದರೆ ಅದು ಪಾಸಿಟಿವ್ ಅಲ್ಲ, ಅರ್ಥ ಇನ್ನೂ ಗೊತ್ತಾಗದ ಬದಲಾವಣೆ ಅಷ್ಟೇ. ಅದನ್ನು ನೋಡಿ ಆಪರೇಷನ್‌ಗೆ ಓಡಬೇಡಿ.

ಜೆನೆಟಿಕ್ ಕೌನ್ಸೆಲಿಂಗ್‌ಗೆ, ಅಂದರೆ ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಪಡೆಯಲು, ಹೋಗುವ ಮುಂಚೆ ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಕರೆಂಟ್ ಬಿಲ್ಲಿನ ಹಿಂದೆ ಬರೆದಿದ್ದೆವು. ಅಜ್ಜಿ 'ಹೊಟ್ಟೆ ಗಡ್ಡೆ'ಯಿಂದ ಹೋದರು ಅಂದಾಗ ಡಾಕ್ಟರ್ ಪೆನ್ ನಿಲ್ಲಿಸಿ, ಅಂಡಾಶಯದ್ದಾ ಅಂತ ಕೇಳಿದರು. ಅದನ್ನು ನಾವು ಯಾರೂ ಯೋಚಿಸಿರಲೇ ಇಲ್ಲ. ಬೆಂಗಳೂರಲ್ಲೇ ಈ ಕೌನ್ಸೆಲಿಂಗ್ ಸಿಗುತ್ತದೆ. ಅತ್ತೆಗೆ ಚಿಕಿತ್ಸೆ ಕೊಡುತ್ತಿರುವ ಡಾಕ್ಟರ್ ಹತ್ತಿರವೇ ಚೀಟಿ ಕೇಳಿ.