ಅಟ್ಲಾಂಟಿಕ್ ಕೆನಡಾದ ರೆಸ್ಟೋರೆಂಟ್‌ನಿಂದ ಆಫರ್ ಲೆಟರ್ ಬಂದಿದೆ, ನಾನು ಅರ್ಹನೇ?

ಮೊದಲು ನೋವಾ ಸ್ಕೋಷಿಯಾದಿಂದ ನಿಮಗೆ ಕುಕ್ ಕೆಲಸದ ಪತ್ರ ಕಳಿಸಿದ ಆ ಮಾಲೀಕರಿಗೆ ಫೋನ್ ಮಾಡಿ, ರೆಸ್ಟೋರೆಂಟ್ ಯಾವತ್ತಿನಿಂದ ಅವರ ಕೈಯಲ್ಲಿದೆ ಅಂತ ಕೇಳಿ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಬಂದ 5.5 ಸಾಕೇ, ಸ್ವಂತ ಕ್ಯಾಟರಿಂಗ್ ನಡೆಸಿದ ಎರಡು ವರ್ಷ ಲೆಕ್ಕಕ್ಕೆ ಬರುತ್ತದೆಯೇ, ಎಂಡಾರ್ಸ್‌ಮೆಂಟ್ (ಪ್ರಾಂತ್ಯದ ಒಪ್ಪಿಗೆ ಪತ್ರ) ಕೊಡಿಸಲು ಏಜೆಂಟ್ ಕೇಳಿದ ಆರು ಲಕ್ಷ ಕೊಡಲೇ, ಇಲ್ಲಾ ಮಾಲೀಕರ ಆಫರ್ ಮೇಲೆ ಪಿಆರ್, ಅಂದರೆ ಕಾಯಂ ವಾಸ, ಕೊಡುವ ಈ ಅಟ್ಲಾಂಟಿಕ್ ಇಮಿಗ್ರೇಷನ್ ಪ್ರೋಗ್ರಾಂ ಬಿಟ್ಟು ಎಕ್ಸ್‌ಪ್ರೆಸ್ ಎಂಟ್ರಿ (ಅಂಕಗಳ ಮೇಲೆ ಆರಿಸುವ ಇನ್ನೊಂದು ದಾರಿ) ನೋಡಲೇ ಅಂತ ಕೇಳಿದ್ದೀರಿ. ಎಲ್ಲದಕ್ಕೂ ಬರುತ್ತೇನೆ. ಆದರೆ ಇಂಥದ್ದೇ ಒಂದು ಪತ್ರ 2022ರ ಆಗಸ್ಟ್‌ನಲ್ಲಿ ನನ್ನ ಕೈಗೂ ಬಂದಿತ್ತು. ನೋವಾ ಸ್ಕೋಷಿಯಾ, ಕರಾವಳಿಯ ಸಣ್ಣ ಊರು, ಕುಕ್ ಕೆಲಸ. ನಾನೂ ನಿಮ್ಮ ಹಾಗೆ 'ನಾನು ಅರ್ಹನೇ' ಅಂತ ಮಾತ್ರ ಕೇಳಿಕೊಂಡೆ. ಅದಕ್ಕೆ ನನ್ನ ಒಂದು ವರ್ಷ ಹೋಯಿತು.

ನಾನು ಹಾಸನದವನು. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಏಳು ವರ್ಷ ಇದ್ದೆ. ಪಿಎಫ್, ಸ್ಯಾಲರಿ ಸ್ಲಿಪ್ ಎಲ್ಲ ಸರಿಯಾಗಿತ್ತು. ಪರಿಚಯದವರೊಬ್ಬರ ಮೂಲಕ ಆ ಮಾಲೀಕರ ಸಂಪರ್ಕವಾಯಿತು, ವಿಡಿಯೋದಲ್ಲಿ ಎರಡು ಸಲ ಸಂದರ್ಶನ ಮಾಡಿದರು, ಪತ್ರ ಕಳಿಸಿದರು. ನಾನು ರಾತ್ರಿ ಕೂತು ಸರ್ಕಾರದ ವೆಬ್‌ಸೈಟ್ ಓದಿದೆ. ವಾರಕ್ಕೆ ಕನಿಷ್ಠ 30 ಗಂಟೆಯ ಕೆಲಸ, ಸೀಸನ್‌ಗೆ ಮಾತ್ರ ಸೀಮಿತವಾಗಿರಬಾರದು: ಸರಿ. ಕುಕ್ ಹುದ್ದೆ ಕೆನಡಾದ ಆಗಿನ ಉದ್ಯೋಗ ವರ್ಗೀಕರಣದಲ್ಲಿ ಸ್ಕಿಲ್ ಲೆವೆಲ್ ಬಿ (ಈಗಿನ ಟಿಯರ್ 3), ಕನಿಷ್ಠ ಒಂದು ವರ್ಷದ ಆಫರ್ ಬೇಕು: ಸರಿ. ಇಂಗ್ಲಿಷ್ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 5: ಜೂನ್‌ನಲ್ಲೇ ಪರೀಕ್ಷೆ ಬರೆದಾಗಿತ್ತು. ನನ್ನ ಕಡೆಯ ಪ್ರತಿ ಸಾಲಿಗೂ ಪೆನ್ಸಿಲ್‌ನಲ್ಲಿ ಟಿಕ್ ಹಾಕಿದೆ.

ಮಾಲೀಕರ ಕಡೆಯ ಸಾಲುಗಳನ್ನೂ ಓದಿದೆ, ಓದಲಿಲ್ಲ ಅಂತಲ್ಲ. ಕೆಲಸ ಕೊಡುವವರು ಆ ಪ್ರಾಂತ್ಯದ ಸರ್ಕಾರದಿಂದ 'ಡೆಸಿಗ್ನೇಟೆಡ್' ಅಂತ ಮಾನ್ಯತೆ ಪಡೆದಿರಬೇಕು. ಅದು ಸಿಗಬೇಕಾದರೆ ಅಟ್ಲಾಂಟಿಕ್ ಪ್ರಾಂತ್ಯದಲ್ಲಿ ಕನಿಷ್ಠ ಎರಡು ವರ್ಷ, ಒಂದೇ ಆಡಳಿತದ ಕೈಯಲ್ಲಿ, ನಿಲ್ಲದೆ ವ್ಯವಹಾರ ನಡೆದಿರಬೇಕು. ನನ್ನ ಮಾಲೀಕರಿಗೆ ಮಾನ್ಯತೆ ಇನ್ನೂ ಇರಲಿಲ್ಲ, 'ನೀನು ಒಪ್ಪಿಕೋ, ನಾನು ಅರ್ಜಿ ಹಾಕುತ್ತೇನೆ' ಅಂದಿದ್ದರು. ಅದರಲ್ಲಿ ತಪ್ಪೇನಿಲ್ಲ, ಹಾಗೆ ಹಾಕುವವರು ಇದ್ದಾರೆ. ಆ ರೆಸ್ಟೋರೆಂಟ್‌ನ ವೆಬ್‌ಸೈಟ್‌ನಲ್ಲಿ ಮರದ ಬೋರ್ಡಿನ ಫೋಟೋ ಇತ್ತು, ಅದರ ಮೇಲೆ '1987ರಿಂದ' ಅಂತ ಕೆತ್ತಿತ್ತು. ಮೂವತ್ತೈದು ವರ್ಷದ ಹಳೇ ಹೋಟೆಲು, ಎರಡು ವರ್ಷದ ಷರತ್ತು ಏನು ಮಹಾ ಅಂದುಕೊಂಡು ಅಲ್ಲೂ ಟಿಕ್ ಹಾಕಿದೆ.

ಆ ಟಿಕ್ ತಪ್ಪು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ 'ತುಂಬಾ ಹಳೆಯ, ಹೆಸರುವಾಸಿ ರೆಸ್ಟೋರೆಂಟ್' ಅಂತ ಬರೆದಿದ್ದೀರಿ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲು ನಾನು ಹುಟ್ಟಿದಾಗಿನಿಂದ ಒಂದೇ ಹೆಸರಲ್ಲಿದೆ. ನನಗೆ ಗೊತ್ತಿರುವ ಹಾಗೆ ಮೂರು ಸಲ ಕೈ ಬದಲಾಗಿದೆ. ಗುಡ್‌ವಿಲ್ ಸಮೇತ ಮಾರುತ್ತಾರೆ, ಬೋರ್ಡು ಹಾಗೇ ಇರುತ್ತದೆ, ಸಾಂಬಾರಿನ ರುಚಿ ಬದಲಾದಾಗ ಮಾತ್ರ ಊರಿಗೆ ಗೊತ್ತಾಗುತ್ತದೆ. ಕೆನಡಾದಲ್ಲೂ ಅದೇ ಕಥೆ. ನಿಯಮ ಎಣಿಸುವುದು ಬೋರ್ಡಿನ ವಯಸ್ಸನ್ನಲ್ಲ, ಕಟ್ಟಡದ ವಯಸ್ಸನ್ನೂ ಅಲ್ಲ. ಈಗ ನಡೆಸುತ್ತಿರುವವರ ಆಡಳಿತದಲ್ಲಿ ಎಷ್ಟು ದಿನವಾಯಿತು ಅಂತ ಎಣಿಸುತ್ತದೆ. ಈ ಮಾಲೀಕರು 2021ರ ಅಕ್ಟೋಬರ್‌ನಲ್ಲಿ ಅದನ್ನು ಹಳೇ ದಂಪತಿಯಿಂದ ಕೊಂಡಿದ್ದರು. ಅವರು ಮುಚ್ಚಿಟ್ಟಿರಲಿಲ್ಲ. ನಾನು ಕೇಳಿರಲಿಲ್ಲ, ಅವರಿಗೂ ಅದು ಅಡ್ಡ ಬರುತ್ತದೆ ಅಂತ ಹೊಳೆದಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ನಾನು ರಾಜೀನಾಮೆ ಕೊಟ್ಟೆ. ಬಾಡಿಗೆ ಮನೆ ಬಿಟ್ಟೆ. ದಸರಾ ರಜೆಗೆ ಊರಿಗೆ ಹೋದ ಮಗಳು ವಾಪಸ್ ಶಾಲೆಗೆ ಬರಲೇ ಇಲ್ಲ, ಎರಡನೇ ಕ್ಲಾಸಿನ ಅರ್ಧಕ್ಕೆ ಟಿಸಿ ತಗೊಂಡೆವು. ನವೆಂಬರ್ ಕೊನೆಯ ಒಂದು ರಾತ್ರಿ ಮಾವನ ಮನೆಯ ಜಗಲಿಯಲ್ಲಿ ಕೂತಿದ್ದಾಗ ಮಾಲೀಕರ ಫೋನ್ ಬಂತು. ಹಿಂದೆ ಪಾತ್ರೆ ತೊಳೆಯುವ ಮೆಷಿನ್‌ನ ಸದ್ದು ಕೇಳುತ್ತಿತ್ತು. 'ಅವರು ಹದಿಮೂರು ತಿಂಗಳು ಸಾಲದು ಅಂತಾರೆ' ಅಂದರು. ನನಗೆ ಮೊದಲು ಅರ್ಥವೇ ಆಗಲಿಲ್ಲ. ನನ್ನ ಅನುಭವದ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡು, ನನಗೆ ಏಳು ವರ್ಷ ಇದೆ ಅಂದೆ. 'ನಿನ್ನದಲ್ಲ, ನನ್ನದು' ಅಂದರು. ಒಳಗೆ ಹೆಂಡತಿ ಸೂಟ್‌ಕೇಸಿಗೆ ಮಗಳ ಸ್ವೆಟರ್ ಮಡಚಿಡುತ್ತಿದ್ದಳು.

ಇನ್ನೊಂದು ವರ್ಷ ಕಾಯುವುದಾದರೆ ಕಾಯಿ ಅಂದರು. ಕಾದೆ. ಏಪ್ರಿಲ್ ಹೊತ್ತಿಗೆ ಅವರು ಸ್ಥಳೀಯರೊಬ್ಬರನ್ನು ಕೆಲಸಕ್ಕೆ ತೆಗೆದುಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅಡುಗೆಮನೆ ಖಾಲಿ ಇಟ್ಟುಕೊಂಡು ಯಾರಿಂದ ಆಗುತ್ತದೆ? ನಾನು ಬೆಂಗಳೂರಿಗೆ ವಾಪಸ್ ಹೋಗಿ ಬೇರೆ ಹೋಟೆಲಲ್ಲಿ ಮೊದಲಿಗಿಂತ ಒಂಬತ್ತು ಸಾವಿರ ಕಡಿಮೆ ಸಂಬಳಕ್ಕೆ ಸೇರಿದೆ. ಮಗಳು ಮತ್ತೆ ಎರಡನೇ ಕ್ಲಾಸು ಓದಿದಳು.

ಹಾಗಾಗಿ 'ನಾನು ಅರ್ಹನೇ' ಅನ್ನುವುದು ಈ ಯೋಜನೆಯಲ್ಲಿ ಎರಡನೇ ಪ್ರಶ್ನೆ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಅಟ್ಲಾಂಟಿಕ್ ಇಮಿಗ್ರೇಷನ್ ಪ್ರೋಗ್ರಾಂ 2017ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ 2022ರ ಜನವರಿಯಿಂದ ಕಾಯಂ ಆಯಿತು. ನೋವಾ ಸ್ಕೋಷಿಯಾ, ನ್ಯೂ ಬ್ರನ್ಸ್‌ವಿಕ್, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್, ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್, ಈ ನಾಲ್ಕು ಪ್ರಾಂತ್ಯಗಳಿಗೆ ಮಾತ್ರ. ಇದರ ಬುಡವೇ ಕೆಲಸ ಕೊಡುವವರು. ಸ್ಥಳೀಯರು ಸಿಗುತ್ತಿಲ್ಲ ಅಂತ ತೋರಿಸಿ ಪಡೆಯಬೇಕಾದ ಎಲ್‌ಎಂಐಎ ಅನ್ನುವ ಆ ದೊಡ್ಡ ತಲೆನೋವು ಅವರಿಗೆ ಇಲ್ಲಿಲ್ಲ, ಬದಲಿಗೆ ಮಾನ್ಯತೆ ಪಡೆಯಬೇಕು, ಬೇರೆ ಸಂಸ್ಕೃತಿಯವರ ಜೊತೆ ಹೇಗೆ ಕೆಲಸ ಮಾಡಬೇಕು ಅನ್ನುವ ತರಬೇತಿ ಮುಗಿಸಬೇಕು, ಬಂದವರು ನೆಲೆಯೂರಲು ನೆರವಾಗುತ್ತೇನೆ ಅಂತ ಒಪ್ಪಿಕೊಳ್ಳಬೇಕು. ಆಮೇಲೆ ನಿಮಗೆ ಆಫರ್. ಆಮೇಲೆ ಸೆಟ್ಲ್‌ಮೆಂಟ್ ಸಂಸ್ಥೆಯೊಂದರ ಜೊತೆ ಕೂತು ನೀವು ಸೆಟ್ಲ್‌ಮೆಂಟ್ ಪ್ಲಾನ್ ಮಾಡಿಸಬೇಕು, ಅದು ಉಚಿತ. ಆಮೇಲೆ ಪ್ರಾಂತ್ಯಕ್ಕೆ ಎಂಡಾರ್ಸ್‌ಮೆಂಟ್ ಅರ್ಜಿ ಹಾಕುವವರೂ ಮಾಲೀಕರೇ. ಆ ಪ್ರಮಾಣಪತ್ರ ಕೈಗೆ ಬಂದ ಮೇಲೆ ಕೆನಡಾದ ಕೇಂದ್ರ ಸರ್ಕಾರಕ್ಕೆ ಪಿಆರ್ ಅರ್ಜಿ ಹಾಕುವುದಷ್ಟೇ ನಿಮ್ಮ ಕೆಲಸ. ಈ ಸಾಲಿನಲ್ಲಿ ಏಜೆಂಟ್ 'ಕೊಡಿಸುವುದು' ಎಲ್ಲಿ ಬರುತ್ತದೆ ಹೇಳಿ?

ಆರು ಲಕ್ಷ ಕೊಡಬೇಡಿ. ಒಂದು ರೂಪಾಯಿಯೂ ಕೊಡಬೇಡಿ. ನೋವಾ ಸ್ಕೋಷಿಯಾದ ಕಾರ್ಮಿಕ ಕಾಯ್ದೆ ವಿದೇಶಿ ಕೆಲಸಗಾರರಿಂದ ನೇಮಕಾತಿ ಶುಲ್ಕ ಪಡೆಯುವುದನ್ನೇ ನಿಷೇಧಿಸುತ್ತದೆ. ಅರ್ಜಿ ತುಂಬಲು ಸಹಾಯ ಬೇಕಿದ್ದರೆ ಕೆನಡಾದಲ್ಲಿ ಲೈಸೆನ್ಸ್ ಇರುವ ಇಮಿಗ್ರೇಷನ್ ಕನ್ಸಲ್ಟೆಂಟ್ ಅಥವಾ ವಕೀಲರಿಗೆ ಅವರ ಕೆಲಸದ ಫೀಸು ಕೊಡಿ, ಅದು ಬೇರೆ ಮಾತು. ಕೆಲಸವನ್ನೇ ಮಾರುವವರ ಆಫರ್ ಲೆಟರ್ ಮೇಲೆ ನನಗೆ ನಂಬಿಕೆಯಿಲ್ಲ.

ಇನ್ನು ನಿಮ್ಮ ಅನುಭವ. ಹಿಂದಿನ ಐದು ವರ್ಷದಲ್ಲಿ 1,560 ಗಂಟೆ ಸಂಬಳದ ಕೆಲಸ ಮಾಡಿರಬೇಕು. ವಾರಕ್ಕೆ 30 ಗಂಟೆಯಂತೆ ಒಂದು ವರ್ಷದ ಲೆಕ್ಕ ಅದು. ನಮ್ಮ ಹೋಟೆಲಿನವರು ಇಲ್ಲಿ ಎಡವುತ್ತಾರೆ. ದಿನಕ್ಕೆ ಹನ್ನೆರಡು ಗಂಟೆ ದುಡಿದಿದ್ದೇನೆ, ಐದಾರು ತಿಂಗಳಲ್ಲೇ ಮುಗಿಯಿತು ಅನ್ನುತ್ತಾರೆ. ವಾರಕ್ಕೆ ಎಷ್ಟೇ ಗಂಟೆ ದುಡಿದಿದ್ದರೂ ಕನಿಷ್ಠ ಹನ್ನೆರಡು ತಿಂಗಳು ಆಗಲೇಬೇಕು. ನೀವು ಅಣ್ಣನ ಜೊತೆ ಪಾಲುದಾರನಾಗಿ ನಡೆಸಿದ ಕ್ಯಾಟರಿಂಗ್ ಸ್ವಂತ ಉದ್ಯೋಗ, ಅದು ಎಷ್ಟೇ ದೊಡ್ಡ ಮದುವೆಗಳನ್ನು ಮಾಡಿದ್ದರೂ ಲೆಕ್ಕಕ್ಕಿಲ್ಲ. ಅದಕ್ಕೂ ಮುಂಚೆ ಮಂಗಳೂರಿನ ಹೋಟೆಲಲ್ಲಿ ಸಂಬಳಕ್ಕಿದ್ದ ಮೂರು ವರ್ಷ ಲೆಕ್ಕಕ್ಕೆ ಬರುತ್ತದೆ. ಆದರೆ ದಿನ ಕಳೆದಂತೆ ಅದು ಐದು ವರ್ಷದ ಆಚೆಗೆ ಜಾರುತ್ತಾ ಹೋಗುತ್ತದೆ, ನೆನಪಿರಲಿ. ಈಗಲೇ ಆ ಹೋಟೆಲಿಗೆ ಹೋಗಿ ಪತ್ರ ತಗೊಳ್ಳಿ. ಹುದ್ದೆ, ವಾರಕ್ಕೆ ಎಷ್ಟು ಗಂಟೆ, ಸಂಬಳ, ನೀವು ಮಾಡುತ್ತಿದ್ದ ಕೆಲಸದ ವಿವರ, ಎಲ್ಲ ಇರಬೇಕು. 'ಒಳ್ಳೆಯ ಹುಡುಗ, ಶ್ರಮಜೀವಿ' ಅಂತ ಎರಡು ಸಾಲು ಬರೆದುಕೊಟ್ಟರೆ ಪ್ರಯೋಜನವಿಲ್ಲ.

ಐಇಎಲ್‌ಟಿಎಸ್ ಜನರಲ್ ಆಗಿದ್ದರೆ ಒಟ್ಟು 5.5 ಅನ್ನುವ ಅಂಕಕ್ಕೆ ಅರ್ಥವಿಲ್ಲ, ನಾಲ್ಕೂ ಬೇರೆ ಬೇರೆ ನೋಡುತ್ತಾರೆ. ಸಿಎಲ್‌ಬಿ 5ಕ್ಕೆ ಕೇಳುವುದು, ಬರೆಯುವುದು, ಮಾತು ಮೂರರಲ್ಲೂ 5.0, ಓದಿನಲ್ಲಿ 4.0 ಬೇಕು. ಅಕಾಡೆಮಿಕ್ ಬರೆದಿದ್ದರೆ ಮತ್ತೆ ಬರೆಯಬೇಕು. ನಿಮ್ಮ ಓದನ್ನು ಕೆನಡಾದ ಮಟ್ಟಕ್ಕೆ ಹೋಲಿಸುವ ಇಸಿಎ ವರದಿಯೂ ಬೇಕು. ಕುಕ್ ಹುದ್ದೆಗೆ ಅಲ್ಲಿನ ಹೈಸ್ಕೂಲ್ ಮಟ್ಟ ಸಾಕು. ಹೊರಗಿನಿಂದ ಅರ್ಜಿ ಹಾಕುವವರು ಖಾತೆಯಲ್ಲಿ ಸ್ವಲ್ಪ ಹಣ ತೋರಿಸಬೇಕು, ಎಕ್ಸ್‌ಪ್ರೆಸ್ ಎಂಟ್ರಿಗೆ ಕೇಳುವುದಕ್ಕಿಂತ ಕಡಿಮೆ.

ಆಫರ್ ಲೆಟರ್‌ನಲ್ಲಿ ಹುದ್ದೆಯ ಕೆಳಗೆ ಬರೆದಿರುವ ಕೆಲಸಗಳನ್ನು ಇನ್ನೊಮ್ಮೆ ಓದಿ. ತರಕಾರಿ ತೊಳೆಯುವುದು, ಪಾತ್ರೆ, ನೆಲ ಒರೆಸುವುದು ಇಷ್ಟೇ ಇದ್ದರೆ ಅದು ಕಿಚನ್ ಹೆಲ್ಪರ್ ಕೆಲಸ, ಟಿಯರ್ 5. ಮೇಲೆ ಕುಕ್ ಅಂತ ಬರೆದಿದ್ದರೂ ಈ ಯೋಜನೆಯಲ್ಲಿ ನಡೆಯುವುದಿಲ್ಲ.

ಎಕ್ಸ್‌ಪ್ರೆಸ್ ಎಂಟ್ರಿ ಬಗ್ಗೆ ಹೆಚ್ಚು ಹೇಳಲಾರೆ, ನಾನು ಆ ದಾರಿಯಲ್ಲಿ ಹೋದವನಲ್ಲ. ಅಲ್ಲಿ ಕೆಲಸದ ಆಫರ್‌ಗೆ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚ್‌ನಲ್ಲಿ ತೆಗೆದುಹಾಕಿದರು. ನಮ್ಮಂಥ ಅಡುಗೆಯವರಿಗೆ ಅಟ್ಲಾಂಟಿಕ್ ದಾರಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಸುಲಭ ಅಂತ ಮಾತ್ರ ತಿಳಿಯಬೇಡಿ. 2025ಕ್ಕೆ 5,00,000 ಇದ್ದ ಕೆನಡಾದ ಒಟ್ಟು ಪಿಆರ್ ಗುರಿಯನ್ನು 3,95,000ಕ್ಕೆ ಇಳಿಸಿದ ಮೇಲೆ ಎಲ್ಲ ಕಡೆ ಬಿಗಿಯಾಗಿದೆ. ಪ್ರಾಂತ್ಯಗಳಿಗೆ ಸಿಗುವ ಸೀಟು ಕಡಿಮೆ, ಯಾವ ಕ್ಷೇತ್ರಕ್ಕೆ ಕೊಡಬೇಕು ಅನ್ನುವುದನ್ನು ಅವರೇ ತೀರ್ಮಾನಿಸುತ್ತಾರೆ. ನಿಮ್ಮ ಪ್ರಾಂತ್ಯದ ಪುಟದಲ್ಲಿ ಹೋಟೆಲ್ ಕ್ಷೇತ್ರದ ಅರ್ಜಿ ಈಗ ತಗೊಳ್ಳುತ್ತಿದ್ದಾರೆಯೇ ನೋಡಿ.

ನನ್ನ ಕೆಲಸ ಕೊನೆಗೆ ಆದದ್ದು ಹೀಗೆ. ಮಾನ್ಯತೆ ಪಡೆದವರ ಪಟ್ಟಿಯನ್ನು ನಾಲ್ಕೂ ಪ್ರಾಂತ್ಯಗಳು ಪ್ರಕಟಿಸುತ್ತವೆ. ಆ ಪಟ್ಟಿ ಇಳಿಸಿಕೊಂಡು, ಹೋಟೆಲು, ರೆಸ್ಟೋರೆಂಟು ಅನ್ನಿಸಿದ ಹೆಸರುಗಳಿಗೆ ದಿನಕ್ಕೆ ಎರಡರಂತೆ ಪತ್ರ ಬರೆದೆ. ಎಲ್ಲರಿಗೂ ಒಂದೇ ಪತ್ರವಲ್ಲ, ಅವರವರ ಮೆನು ನೋಡಿ, ಇದರಲ್ಲಿ ಯಾವುದನ್ನು ಮಾಡಬಲ್ಲೆ ಅಂತ. ಪಟ್ಟಿಯಲ್ಲಿದ್ದಾರೆ ಅಂದಮಾತ್ರಕ್ಕೆ ಅವರ ಬಳಿ ಕೆಲಸ ಇದೆ ಅಂತಲ್ಲ, ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಅರವತ್ಮೂರನೇ ಪತ್ರಕ್ಕೆ ನ್ಯೂ ಬ್ರನ್ಸ್‌ವಿಕ್‌ನ ಮಾಂಕ್ಟನ್‌ನಿಂದ ಒಬ್ಬರು ಫೋನ್ ಮಾಡಿದರು. ನಾನು ಕೇಳಿದ ಮೊದಲ ಪ್ರಶ್ನೆ, ಈ ವ್ಯವಹಾರ ನಿಮ್ಮ ಕೈಗೆ ಬಂದು ಎಷ್ಟು ವರ್ಷವಾಯಿತು ಅಂತ. ಹನ್ನೊಂದು ಅಂದರು. 2023ರ ಜುಲೈನಲ್ಲಿ ಆಫರ್, ಡಿಸೆಂಬರ್‌ನಲ್ಲಿ ಎಂಡಾರ್ಸ್‌ಮೆಂಟ್, ಜನವರಿಯಲ್ಲಿ ಪಿಆರ್ ಅರ್ಜಿ. ಐಇಎಲ್‌ಟಿಎಸ್ ಫಲಿತಾಂಶಕ್ಕೆ ಎರಡೇ ವರ್ಷ ಆಯಸ್ಸು, ನನ್ನದರಲ್ಲಿ ಆಗ ಐದಾರು ತಿಂಗಳು ಉಳಿದಿತ್ತು. ಈ ಸಲ ವರ್ಕ್ ಪರ್ಮಿಟ್ ಕೈಗೆ ಬರುವವರೆಗೂ ರಾಜೀನಾಮೆ ಕೊಡಲಿಲ್ಲ, ಮನೆ ಬಿಡಲಿಲ್ಲ, ಮಗಳನ್ನು ಶಾಲೆ ಬಿಡಿಸಲಿಲ್ಲ. ನೀವೂ ಬಿಡಬೇಡಿ.

ನಿಮ್ಮ ರೆಸ್ಟೋರೆಂಟ್‌ನ ಹೆಸರು ನೋವಾ ಸ್ಕೋಷಿಯಾದ ಪಟ್ಟಿಯಲ್ಲಿದೆಯೇ ಅಂತ ಇವತ್ತೇ ನೋಡಿ. ಇಲ್ಲದಿದ್ದರೆ ಅಲ್ಲಿನ ರಿಜಿಸ್ಟ್ರಿ ಆಫ್ ಜಾಯಿಂಟ್ ಸ್ಟಾಕ್ ಕಂಪನೀಸ್ ವೆಬ್‌ಸೈಟ್‌ನಲ್ಲಿ ಹುಡುಕಿ, ಯಾವಾಗ ನೋಂದಣಿಯಾಯಿತು, ಈಗ ಯಾರ ಹೆಸರಿದೆ ಅನ್ನುವುದು ಸಿಗುತ್ತದೆ. ಅಷ್ಟಕ್ಕೇ ನಿಲ್ಲಿಸದೆ ಏಜೆಂಟನ್ನು ನಡುವೆ ಬಿಡದೆ ಮಾಲೀಕರಿಗೆ ನೀವೇ ಫೋನ್ ಮಾಡಿ, ಯಾವ ತಿಂಗಳು, ಯಾವ ವರ್ಷದಿಂದ ನೀವು ನಡೆಸುತ್ತಿದ್ದೀರಿ ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಅವರಿಗೆ ಮಧ್ಯಾಹ್ನ ಮೂರು ಗಂಟೆ ಆಗುವ ಹೊತ್ತಿಗೆ ಭಾರತದಲ್ಲಿ, ಅಲ್ಲಿನ ಬೇಸಿಗೆಯ ಸಮಯದ ಪ್ರಕಾರ ರಾತ್ರಿ ಹನ್ನೊಂದೂವರೆ, ಅಲ್ಲಿನ ಚಳಿಗಾಲದಲ್ಲಾದರೆ ಹನ್ನೆರಡೂವರೆ. ಊಟದ ರಶ್ ಮುಗಿದಿರುತ್ತದೆ, ರಾತ್ರಿಯ ತಯಾರಿ ಶುರುವಾಗಿರುವುದಿಲ್ಲ. ಆಗ ಮಾಡಿ, ಫೋನ್ ಎತ್ತುತ್ತಾರೆ.